ಬಾಲಸುಬ್ರಹ್ಮಣ್ಯ ಸ್ವತ್ವ ನಿರ್ಣಯ ಅಥವಾ ಹಿಂದಿನ ಸೀಟಿನ ಮೀಮಾಂಸೆ

ನ್ಯಾಯಸುಧೆಗೆ ‘ವಾಗ್ವಜ್ರ’ವೆಂಬ ಟೀಕೆ ಬರೆದ ಶ್ರೀಪಾದರಾಜರೇ ಕನ್ನಡದಲ್ಲಿ ದೇವರನಾಮಗಳನ್ನೂ ಹಾಡಿದರು. ಅವರ ಬೃಂದಾವನ ಇರುವುದು ಮುಳಬಾಗಿಲಿನಲ್ಲಿ. ತರ್ಕ, ಹಾಡು ಎರಡನ್ನೂ ಒಂದೇ ಬಾಯಲ್ಲಿ ನಡೆಸುವ ಈ ಪರಂಪರೆ ಐನೂರು ವರ್ಷಗಳ ತರುವಾಯ ಕೋಲಾರದ ಖಾಸಗಿ ಬಸ್ಸುಗಳ ಹಿಂದಿನ ಸೀಟಿಗೆ ಬಂದು ನೆಲೆಸಿತೆಂಬುದನ್ನು ಪಂಡಿತರು ಗಮನಿಸಿಲ್ಲ. ಗಮನಿಸಿದ್ದು ನಾವು. ಅದಕ್ಕೆ ತಗುಲಿದ ವೆಚ್ಚ, ಪದವಿಯ ಎರಡನೇ ವರ್ಷದ ಹಾಜರಾತಿ. ಅಧ್ಯಯನದ ಕಾಲ, ‘ಪ್ರೇಮಲೋಕ’ ಬಂದ 1987ರಿಂದ ಕ್ಯಾಸೆಟ್ಟು ಕಣ್ಮುಚ್ಚುವವರೆಗೆ.

ಮೊದಲಿಗೆ ಅಧಿಕಾರಿ ಲಕ್ಷಣ. ಸರ್ಕಾರಿ ಬಸ್ಸಿನಲ್ಲಿ ಪಾಸು ನಡೆಯುತ್ತಿತ್ತು, ಹಾಡಿರಲಿಲ್ಲ. ಖಾಸಗಿ ಬಸ್ಸಿನಲ್ಲಿ ಹಾಡಿತ್ತು, ಪಾಸು ನಡೆಯುತ್ತಿರಲಿಲ್ಲ. ಪಾಸನ್ನು ಜೇಬಿನಲ್ಲೇ ಇಟ್ಟುಕೊಂಡು, ನೋಟ್‌ಬುಕ್ಕಿಗೆಂದು ಅಮ್ಮನ ಹತ್ತಿರ ಇಸಕೊಂಡ ಕಾಸಿಗೆ ಟಿಕೆಟ್ ತೆಗೆದವನಿಗೆ ಸಂಗೀತಜ್ಞಾನವಿಲ್ಲ ಎನ್ನಲು ಯಾವ ಶಾಸ್ತ್ರಕ್ಕೆ ಎದೆಯಿದೆ?

ವಿಷಯ: ಎಸ್.ಪಿ. ಬಾಲಸುಬ್ರಹ್ಮಣ್ಯಂ ನಮ್ಮವರೋ, ಅವರವರೋ? (ಮನೆಯಲ್ಲಿ ತೆಲುಗು, ಪರೀಕ್ಷೆಯಲ್ಲಿ ಕನ್ನಡ ಎನ್ನುವ ಹುಡುಗರಲ್ಲಿ ‘ನಾವು’ ಯಾರು, ‘ಅವರು’ ಯಾರು ಎಂದು ಕೇಳಬಾರದು. ಕೇಳಿದರೆ ಪ್ರಬಂಧ ಇಲ್ಲಿಗೇ ಮುಗಿಯುತ್ತದೆ.)

ಪೂರ್ವಪಕ್ಷ ಶ್ರೀನಿವಾಸಪುರದವರದು. ಮದನಪಲ್ಲಿಗೆ ಹೋಗಿ ಸಿನಿಮಾ ನೋಡಿ ಬರುತ್ತಿದ್ದವರು ಇವರು. ಬಾಲು ಹುಟ್ಟಿದ್ದು ನೆಲ್ಲೂರು ಸೀಮೆಯಲ್ಲಿ, 1966ರಲ್ಲಿ ಮೊದಲು ಹಾಡಿದ್ದು ತೆಲುಗಿನಲ್ಲಿ. ಮಾವಿನಮರ ಯಾರ ತೋಪಿನಲ್ಲಿದೆಯೋ ಕಾಯಿ ಅವರದು. ಕೋಲಾರದವರು ಖಂಡಿಸಿದರು: ಅದಾದ ಎಂಟೇ ದಿನಕ್ಕೆ ‘ನಕ್ಕರೆ ಅದೇ ಸ್ವರ್ಗ’ಕ್ಕೆ ಕನ್ನಡದಲ್ಲಿ ಹಾಡಿದರಲ್ಲ, ಎಂಟು ದಿನದ ಕೂಸಿಗೆ ಯಾವ ಭಾಷೆ? ಇನ್ನು ಕಾಯಿಯ ಮಾತು. ಬೇಲಿಯಾಚೆ ಬಿದ್ದದ್ದು ಹೆಕ್ಕಿದವನದು ಎಂಬ ಧರ್ಮವನ್ನು ಬೇಸಿಗೆ ಬೇಸಿಗೆಗೂ ಪಾಲಿಸುತ್ತಿದ್ದವರು ಶ್ರೀನಿವಾಸಪುರದ ಹುಡುಗರೇ.

ಅಣ್ಣಾವ್ರೇ ಹಾಡುವಾಗ ಬೇರೆ ಕಂಠದ ಮಾತೇಕೆ ಎಂದು ರಾಜ್‌ಕುಮಾರ್ ಪಂಥದವನೊಬ್ಬ ಫುಟ್‌ಬೋರ್ಡಿನಿಂದ ತಲೆ ಒಳಹಾಕಿದ. 1974ರ ‘ಸಂಪತ್ತಿಗೆ ಸವಾಲ್’ಗೆ ಮುಂಚೆ ಬಹುಪಾಲು ಅಣ್ಣಾವ್ರ ಕಂಠವಾಗಿದ್ದ ಪಿ.ಬಿ. ಶ್ರೀನಿವಾಸ್ ಹುಟ್ಟಿದ್ದು ಕಾಕಿನಾಡದಲ್ಲಿ ಎಂದು ಯಾರೋ ನೆನಪಿಸಿದರು. ತಲೆ ಹೊರಗೆ ಹೋಯಿತು. ಮಾಲೂರಿನವರು ಇಳಯರಾಜ ಪಂಥದ ಅದ್ವೈತಿಗಳು; ಕಂಠ ಹಲವು, ಟ್ಯೂನು ಒಂದೇ ಎಂಬುದು ಅವರ ಮತ. ಹೆಂಚಿನ ಊರಿನವರಲ್ಲವೆ, ಎಷ್ಟು ಕಾಯಿಸಿದರೂ ಬಾಯಿ ಬಿಡಲಿಲ್ಲ.

ಸಿದ್ಧಾಂತ ಹೊರಟಿದ್ದು ಮುಳಬಾಗಿಲಿನವನ ಬಾಯಿಂದ, ಅದೂ ಬಾಯ್ತುಂಬ ಕಡಲೆಕಾಯಿ ಇಟ್ಟುಕೊಂಡು. “ನಮ್ಮೂರ ಸೌಂದರ್ಯನ್ನ ಅವರ ಸಿನಿಮಾಕ್ಕೆ ಕೊಟ್ಟಿದೀವಿ, ಬಾಲುನ ತಂದ್ಕೊಂಡಿದೀವಿ. ಕೊಟ್ಟು ತಂದ ಸಂಬಂಧದಲ್ಲಿ ನಂದು ನಿಂದು ಅಂತಾರೇನ್ಲಾ?”

ಬಸ್ಸಿಗೆ ಬಸ್ಸೇ ಸುಮ್ಮನಾಯಿತು. ‘ಪಂಚಾಕ್ಷರ ಗವಾಯಿ’ ಎಂಬ ಕನ್ನಡ ಚಿತ್ರದ ಹಾಡಿಗೆ ಬಾಲುಗೆ ರಾಷ್ಟ್ರಪ್ರಶಸ್ತಿ ಬಂದಾಗ ಕಾಫಿ ಕೊಡಿಸಿದವರು ಶ್ರೀನಿವಾಸಪುರದವರು. ಬೀಗರ ಕಡೆಯವರೆಂದು ಎರಡನೇ ಲೋಟವನ್ನೂ ಕೇಳಿ ಕುಡಿದೆವು.

ಕಡೆಯದಾಗಿ ಒಂದು ವಿಜ್ಞಾಪನೆ. ಈ ನಿರ್ಣಯದ ಮೂಲ ಆಕರವಾದ ಅರವತ್ತು ನಿಮಿಷದ ಕ್ಯಾಸೆಟ್ಟೊಂದನ್ನು ಗೆಳೆಯನೊಬ್ಬ ಎರಡು ದಿನಕ್ಕೆಂದು ಒಯ್ದವನು ಈವರೆಗೆ ಸಿಕ್ಕಿಲ್ಲ. ‘ಎ’ ಬದಿ ಕನ್ನಡ, ‘ಬಿ’ ಬದಿ ತೆಲುಗು, ಕೊನೆಯ ಹಾಡು ಚರಣದಲ್ಲಿ ತುಂಡಾಗಿದೆ. ನಿಮ್ಮ ಅಟ್ಟದಲ್ಲಿದ್ದರೆ ಅದು ನಮ್ಮದು. ಪೆನ್ಸಿಲ್ ಹಾಕಿ ಪೂರ್ತಿ ಸುತ್ತಿ, ಹಿಂದಿರುಗಿಸಿ.