ಅಳಿಯನ ಪ್ರೆಷರು

ಕಾರ್ಖಾನೆಯಲ್ಲಿ ಟ್ಯಾಂಕಿನ ಪ್ರೆಷರ್ ಕಾಯುವುದು ನನ್ನ ಹೊಟ್ಟೆಪಾಡು. ಎಸಿ ಕೋಣೆ, ಎದುರಿಗೆ ಪರದೆಗಳ ಸಾಲು. ಗೆರೆ ಮೇಲೆದ್ದರೆ ವಾಲ್ವ್ ತೆರೆಯಬೇಕು, ಇಳಿದರೆ ಮುಚ್ಚಬೇಕು. ಅದನ್ನೂ ಕಂಪ್ಯೂಟರೇ ಮಾಡುತ್ತದೆ. ಗಂಭೀರ ಮುಖ ಮಾಡಿಕೊಂಡು ಕೂರುವುದಷ್ಟೇ ನನ್ನ ಪಾಲಿನದು. ಇಷ್ಟು ವಿದ್ಯೆ ಹೊತ್ತುಕೊಂಡು ಕೊಟ್ಟೂರೇಶ್ವರನ ತೇರಿಗೆಂದು ಅತ್ತೆಮನೆಗೆ ಹೋದೆ.

ಮನೆ ಇರುವುದು ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ ಹೋಗುವ ದಾರಿಯಲ್ಲಿ. ಹಿತ್ತಲಲ್ಲೊಂದು ಹಳೇ ಗೋಬರ್ ಗ್ಯಾಸು. 1950ರ ದಶಕದಲ್ಲಿ ಜಶಭಾಯಿ ಪಟೇಲರು ರೂಪಿಸಿ, ಆಮೇಲೆ ಖಾದಿ ಗ್ರಾಮೋದ್ಯೋಗ ಆಯೋಗ ಊರೂರಿಗೆ ಮುಟ್ಟಿಸಿದ ನಮೂನೆ. ಸಗಣಿ ಬಗ್ಗಡದ ಬಾವಿ, ಅದರೊಳಗೆ ಬೋರಲಾಗಿ ತೇಲುವ ಕಬ್ಬಿಣದ ಡ್ರಮ್ಮು. ಗ್ಯಾಸು ತುಂಬಿದರೆ ಏಳುತ್ತದೆ, ಉರಿಸಿದರೆ ಇಳಿಯುತ್ತದೆ. ಏಳಲಿ ಇಳಿಯಲಿ, ಡ್ರಮ್ಮಿನ ತೂಕಕ್ಕೆ ತಕ್ಕಷ್ಟೇ ಒತ್ತಡ. ಸೆನ್ಸರಿಲ್ಲ, ವಾಲ್ವಿಲ್ಲ, ಸಂಬಳ ಕೇಳುವ ಇಂಜಿನಿಯರೂ ಇಲ್ಲ.

ತೇರಿನ ಹಿಂದಿನ ಸಂಜೆ ಹಡಗಲಿಯವರು ಮಲ್ಲಿಗೆ ಹಿಡಿದು, ಕೂಡ್ಲಿಗಿಯವರು ಮಕ್ಕಳನ್ನು ಹಿಡಿದು, ಹರಪನಹಳ್ಳಿಯ ಚಿಕ್ಕಮಾವ ಬರಿಗೈಲಿ ಬಂದಿಳಿದರು. ಮಂಡಕ್ಕಿ ಕಲಸಿದ್ದಾಯಿತು, ಮಿರ್ಚಿಗೆ ಎಣ್ಣೆ ಇಟ್ಟದ್ದೂ ಆಯಿತು. ಒಲೆಯ ಉರಿ ಮಾತ್ರ ಭುಗ್ ಎಂದು ಏಳುವುದು, ಪುಸ್ ಎಂದು ಕುಗ್ಗುವುದು, ಮತ್ತೆ ಭುಗ್.

"ಇದು ಹಂಟಿಂಗು!" ಎಂದು ಸಾರಿದೆ. ಒತ್ತಡ ನಿಲ್ಲದೆ ಹೀಗೆ ಏರಿಳಿಯುವುದಕ್ಕೆ ನಮ್ಮ ಕಂಟ್ರೋಲ್ ಕೋಣೆಯಲ್ಲಿ ಅದೇ ಹೆಸರು.

"ಎಲ್ಲಿ, ನಮ್ ಗುಡೇಕೋಟಿ ಕರಡಿದಾ?" ಎಂದ ಕೂಡ್ಲಿಗಿಯ ಷಡ್ಡಕ.

ಅವನನ್ನು ಕಡೆಗಣಿಸಿ, ಡ್ರಿಪ್ ಪೈಪಿನ ತುಂಡೊಂದನ್ನು ಯು ಆಕಾರಕ್ಕೆ ಬಗ್ಗಿಸಿ, ಕುಂಕುಮದ ನೀರು ಹಾಕಿ, ಡ್ರಮ್ಮಿನ ಪಕ್ಕದ ಗ್ಯಾಸ್ ಪೈಪಿಗೆ ಜೋಡಿಸಿದೆ. ಎರಡು ಕಡೆಯ ನೀರಿನ ನಡುವೆ ಹತ್ತು ಸೆಂಟಿಮೀಟರ್ ಅಂತರ. ಚೂರೂ ಕದಲದು. ಅಡುಗೆಮನೆಯಲ್ಲಿ ಉರಿ ಕುಣಿಯುತ್ತಿದೆ, ಡ್ರಮ್ಮಿನ ಬಳಿ ಒತ್ತಡ ನಿಂತಲ್ಲೇ ನಿಂತಿದೆ ಎಂದರೆ ತಕರಾರು ನಡುವಿನ ಪೈಪಿನದು. ಇಷ್ಟು ಹೊಳೆಯದ ಟ್ರೈನಿಗಳನ್ನು ನಾನು ಎಷ್ಟೋ ಸಲ ಬೈದಿದ್ದೇನೆ. ಆದರೆ ಅಲ್ಲಿದ್ದವನು ಟ್ರೈನಿಯಲ್ಲ, ನೆಂಟರ ಮುಂದೆ ನಿಂತ ಅಳಿಯ. "ಪ್ರೆಷರ್ ಸಾಲದು, ಕಲ್ಲು ತರ್ರಿ" ಎಂದೆ.

ಒಂದೂವರೆ ಮೀಟರ್ ಅಗಲದ ಡ್ರಮ್ಮಿನ ಮೇಲೆ 40 ಕಿಲೋ ಕಲ್ಲು ಹೇರಿದರೆ ಆ ಅಂತರ ಏರುವುದು ಎರಡು ಸೆಂಟಿಮೀಟರ್ ಚಿಲ್ಲರೆ. ಏರಿತು. ಉರಿಯೂ ಜೋರಾಯಿತು. "ಮೀಟರ್ ಹನ್ನೆರಡಕ್ಕ ನಿಂತೈತಿ, ಗ್ಯಾಸಿಗೇನೂ ಕೊರತಿಲ್ಲ, ಕರೀರಿ!" ಎಂದು ನುಡಿದೆ. ಮೈಲಾರದ ಕಾರ್ಣಿಕದ ಭವಿಷ್ಯನುಡಿಗಾದರೆ ಹೇಗೆ ಬೇಕಾದರೂ ಅರ್ಥ ಹಚ್ಚಬಹುದು. ನನ್ನ ನುಡಿಗೆ ಆ ಅನುಕೂಲವೂ ಇರಲಿಲ್ಲ.

ಅತ್ತೆ ಕಿಟಕಿಯಿಂದ ಇಣುಕಿದರು. "ಅಳಿಯಂದ್ರ, ಡ್ರಮ್ಮು ಕೆಳಗ ಕುಂದ್ರಾಕ ಬಂದೈತಲ್ರಿ."

"ಅತ್ತಿ, ಡ್ರಮ್ಮು ಬಿಡ್ರಿ, ಮೀಟರ್ ನೋಡ್ರಿ."

ಕಲ್ಲು ಗ್ಯಾಸು ಹುಟ್ಟಿಸುವುದಿಲ್ಲ, ಇದ್ದುದನ್ನು ಬೇಗ ಹೊರದಬ್ಬುತ್ತದೆ ಅಷ್ಟೆ. ಎಷ್ಟು ಉಳಿದಿದೆ ಎಂಬುದು ಡ್ರಮ್ಮಿನ ಎತ್ತರಕ್ಕೆ ಗೊತ್ತು, ಒತ್ತಡಕ್ಕೆ ಗೊತ್ತಿಲ್ಲ. ಕಾರ್ಖಾನೆಯ ಗ್ಯಾಸ್ ಹೋಲ್ಡರೂ ಇದೇ ಜಾತಿಯದು. ಅದರ ಎತ್ತರವನ್ನು ಪ್ರತಿ ಶಿಫ್ಟಿನಲ್ಲೂ ಬರೆದುಕೊಳ್ಳುವವನು ನಾನೇ. ಎರಡನೇ ಒಬ್ಬೆ ಮಿರ್ಚಿ ಎಣ್ಣೆಗೆ ಬಿದ್ದಿತ್ತೋ ಇಲ್ಲವೋ, ಡ್ರಮ್ಮು ಕಟ್ಟೆಗೆ ಕೂತಿತು. ಕುಂಕುಮದ ನೀರು ಹನ್ನೆರಡರಿಂದ ಸೊನ್ನೆಗೆ ಇಳಿಯಿತು. ಮಿರ್ಚಿಗಳು ಬಿಳಿಚಿಕೊಂಡು ಎಣ್ಣೆಯಲ್ಲಿ ತೇಲಿದವು.

ಅಷ್ಟರಲ್ಲಿ ದನ ಕಟ್ಟಿ ಬಂದ ಹುಡುಗ ಏನೂ ಕೇಳದೆ ಪೈಪಿನ ತಗ್ಗಿನಲ್ಲಿದ್ದ ಸಣ್ಣ ನಲ್ಲಿ ತಿರುಗಿಸಿದ. ಒಂದು ಚೊಂಬು ನೀರು ಬಿತ್ತು. ಗ್ಯಾಸಿನ ಜೊತೆ ಬರುವ ಹಬೆ ಪೈಪಿನಲ್ಲಿ ತಣಿದು ನೀರಾಗಿ ತಗ್ಗಿನಲ್ಲಿ ನಿಲ್ಲುತ್ತದೆ. ಗ್ಯಾಸು ಅದನ್ನು ಗುಳುಗುಳು ತಳ್ಳಿಕೊಂಡು ದಾಟಬೇಕು. ಭುಗ್-ಪುಸ್ ಎಂದರೆ ಅಷ್ಟೇ.

"ವಾರಕ್ಕೊಮ್ಮಿ ಬಿಡ್ತಿದ್ವಿರಿ. ತೇರಿನ ಗದ್ಲದಾಗ ಮರ್ತಿದ್ದೆ" ಎಂದ.

ಉಳಿದ ಮಿರ್ಚಿ ಕಟ್ಟಿಗೆ ಒಲೆಯ ಮೇಲೆ ಬೆಂದವು. ಹೊಗೆಗೆ ಎಲ್ಲರ ಕಣ್ಣಲ್ಲೂ ನೀರು. ಷಡ್ಡಕನದು ಮಾತ್ರ ನಗುವಿನ ನೀರು. ಹರಪನಹಳ್ಳಿಯ ಚಿಕ್ಕಮಾವನಿಗೆ ನನ್ನ ಮೇಲೆ ಕರುಣೆ ಬಂತು. ಅವರ ಮನೆಯದು 1984ರಲ್ಲಿ ಬಂದ ದೀನಬಂಧು ನಮೂನೆ, ನೆಲದೊಳಗಿನ ಇಟ್ಟಿಗೆ ಗುಮ್ಮಟ. ಡ್ರಮ್ಮೇ ಇಲ್ಲ. ಗ್ಯಾಸು ಹೆಚ್ಚಾದಂತೆ ಬಗ್ಗಡವನ್ನು ಹೊರಗೆ ತಳ್ಳುತ್ತದೆ, ಒತ್ತಡವೂ ಏರುತ್ತದೆ. ಅಂದರೆ ಅಲ್ಲಿ ನನ್ನ ಕುಂಕುಮದ ನೀರು ನಿಜವನ್ನೇ ಹೇಳುತ್ತದೆ! ಹುರುಪಿನಿಂದ ಎದ್ದು ನಿಂತೆ.

"ಹಂಗಾರ ನಮ್ದೂ ಒಮ್ಮಿ ನೋಡಿ ಹೋಗ್ರಿ" ಎಂದರು ಅವರು.

"ಅವ್ರಿಗೆ ನಾಳೆ ರಾತ್ರಿ ಡ್ಯೂಟಿ ಐತಿ, ಚಿಗಪ್ಪ" ಎಂದು ನನ್ನ ಹೆಂಡತಿಯೇ ಉತ್ತರ ಕೊಟ್ಟಳು. ಆಮೇಲೆ ನನ್ನ ಕಡೆ ತಿರುಗಿ, "ಮೊದ್ಲು ಆ ಕಲ್ಲು ಇಳಿಸಿ ಬರ್ರಿ."