ಕುದುರೆಯ ಕವಚ

(ಜಗಲಿ. ಮಾವನ ಕೈಯಲ್ಲಿ ಕಾಫಿಯ ಲೋಟ. ಶೀನಿಯ ತೊಡೆಯ ಮೇಲೆ ಲ್ಯಾಪ್‌ಟಾಪ್.)

ಶೀನಿ: ಅನ್ಯಾಯ, ಮಾವ! ಯಾರೋ ಕಟ್ಟಿದ ಕಂಪ್ಯೂಟರ್ ಆಟಕ್ಕೆ ಹೊಸ ಕತ್ತಿಯನ್ನೋ ಹೊಸ ಊರನ್ನೋ ಸೇರಿಸಿಕೊಡುವುದು ಪ್ರೀತಿಯ ಸೇವೆ. ಇಂಥ ಸೇರ್ಪಡೆಗೆ ಮಾಡ್ ಎನ್ನುತ್ತಾರೆ. ಮಾಡ್ ಮಾಡುವವರು ಅದಕ್ಕೆ ದುಡ್ಡು ಕೇಳುವುದೆಂದರೇನು?

ಮಾವ: ಪ್ರೀತಿಯಿಂದ ಮಾಡಿದ್ದಕ್ಕೆ ಪ್ರತಿಫಲ ಕೂಡದೆಂಬ ಈ ಧರ್ಮಸೂಕ್ಷ್ಮವನ್ನು ಉಪದೇಶಿಸುವವರು, ನಾನು ಕಂಡಮಟ್ಟಿಗೆ, ಉಣ್ಣುವ ಪಂಕ್ತಿಯಲ್ಲಿ ಕುಳಿತವರೇ ಹೊರತು ಒಲೆಯ ಮುಂದೆ ಬೆಂದವರಲ್ಲ. ಅದಿರಲಿ, ಕೇಳಿದವರಾರು?

ಶೀನಿ: 2015ರ ಏಪ್ರಿಲ್‌ನಲ್ಲಿ ಅಮೆರಿಕದ ವಾಲ್ವ್ ಕಂಪನಿ ತನ್ನ ಸ್ಟೀಮ್ ಅಂಗಡಿಯಲ್ಲಿ ಸ್ಕೈರಿಮ್ ಆಟದ ಮಾಡ್‌ಗಳನ್ನು ಮಾರಲು ಬಿಟ್ಟಿತು. ನಾವು ಸುಮ್ಮನಿದ್ದೆವೇ? ನಾಲ್ಕೇ ದಿನಕ್ಕೆ ಮಾರಾಟ ನಿಲ್ಲಿಸಿ, ಕೊಂಡವರಿಗೆ ಹಣ ಹಿಂದಿರುಗಿಸಿದರು.

ಮಾವ: ಮಾರಿದ 100 ಡಾಲರಿನಲ್ಲಿ ಮಾಡಿದವನಿಗೆಷ್ಟು?

ಶೀನಿ: 25. ವಾಲ್ವಿಗೆ 30, ಆಟದ ಒಡೆಯರಾದ ಬೆಥೆಸ್ಡಕ್ಕೆ 45.

ಮಾವ: ನೀನು ಕೂಗಿದ್ದು ಆ 75ಕ್ಕೋ, ಈ 25ಕ್ಕೋ?

ಶೀನಿ: ಕೆಲವರು 75ಕ್ಕೂ ಕೂಗಿದರು. ನಾನು 25ಕ್ಕೆ. ದುಡ್ಡು ಬಂದರೆ ಆಟ ಕೆಡುತ್ತದೆ! 2006ರಲ್ಲಿ ಅದೇ ಬೆಥೆಸ್ಡ ಆಬ್ಲಿವಿಯನ್ ಆಟದ ಕುದುರೆಗೆ ಕವಚ ಮಾರಿ ನಗೆಪಾಟಲಾಯಿತು. ಎರಡೂವರೆ ಡಾಲರ್!

ಮಾವ: ಕುದುರೆ ಎಲ್ಲಿದೆ?

ಶೀನಿ: ಆಟದೊಳಗೆ.

ಮಾವ: ಹುರುಳಿ ತಿನ್ನುವುದೋ?

ಶೀನಿ: ಇಲ್ಲ.

ಮಾವ: ಲದ್ದಿ?

ಶೀನಿ: ಮಾವ!

ಮಾವ: ಹುರುಳಿ ತಿನ್ನದ, ಲದ್ದಿ ಹಾಕದ ಕುದುರೆ. ಲಾಳ ಕಟ್ಟಿಸುವುದಕ್ಕೆ ಬೇರೆ ದುಡ್ಡೋ?

ಶೀನಿ: ಲಾಳದ ಮಾತು ಬಿಡಿ.

ಮಾವ: ಬಿಟ್ಟೆ. ಜೀನು?

ಶೀನಿ: ಮಾವ!!

ಮಾವ: ಕವಚ ನೀನೂ ಕೊಂಡೆಯಾ?

ಶೀನಿ: (ಮೆಲ್ಲಗೆ) ಅಪ್ಪನ ಕಾರ್ಡಿನಲ್ಲಿ. ಅದು ಹಾಗಿರಲಿ, ಸ್ಕೈರಿಮ್‌ನಲ್ಲಿ ಮೀನು ಹಿಡಿಯುವ ಮಾಡ್ ಒಂದು ಮತ್ತೊಬ್ಬರ ಅನಿಮೇಷನನ್ನು ನೆಚ್ಚಿತ್ತು. ರಗಳೆಯಾಗಿ ಮಾರಾಟದಿಂದ ತೆಗೆಯಬೇಕಾಯಿತು. ಇದಕ್ಕೇನೆನ್ನುವಿರಿ?

ಮಾವ: ಅದು ನ್ಯಾಯವಾದ ಆಕ್ಷೇಪಣೆ. ಒಬ್ಬರ ಕೆಲಸದ ಮೇಲೆ ಇನ್ನೊಬ್ಬರ ಕೆಲಸ ನಿಲ್ಲುವಲ್ಲಿ ಯಾರ ಪಾಲೆಷ್ಟೆಂಬುದು ಮೊದಲೇ ಇತ್ಯರ್ಥವಾಗತಕ್ಕದ್ದು. ಆದರೆ ಪಾಲು ಹಂಚುವುದು ಕಷ್ಟವೆಂಬ ನೆವದಿಂದ, ದುಡಿದವರಾರಿಗೂ ಬಿಡಿಗಾಸು ಸಲ್ಲದೆಂದು ವಿಧಿಸುವುದು, ಎಲೆ ಎಣಿಸಲಾರದೆ ಮದುವೆಯ ಊಟವನ್ನೇ ನಿಲ್ಲಿಸಿದಂತೆ.

ಶೀನಿ: ಇಷ್ಟವಿದ್ದವರು ದಕ್ಷಿಣೆ ಕೊಡಲಿ. ದರ ಕಟ್ಟುವುದೇಕೆ?

ಮಾವ: ಹರಿಕಥೆಯಲ್ಲಿ ಮೂರು ಗಂಟೆ ತಲೆದೂಗಿ, ಕಣ್ಣೊರಸಿಕೊಂಡು, ದಾಸರಂಥವರು ಭೂಮಂಡಲದಲ್ಲಿಲ್ಲವೆಂದು ಕೊಂಡಾಡಿದ ಸಭೆಯು, ಮಂಗಳಾರತಿಯ ತಟ್ಟೆ ಹೊರಟೊಡನೆ ಎದ್ದು ಚಪ್ಪಲಿ ಹುಡುಕುವುದನ್ನು 60 ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ನಿನ್ನ ಪೆಟ್ಟಿಗೆಯಲ್ಲಿ ಎಷ್ಟು ಮಾಡ್‌ಗಳಿವೆ?

ಶೀನಿ: 140.

ಮಾವ: ಎಷ್ಟು ಮಂದಿಗೆ ದಕ್ಷಿಣೆ ಕೊಟ್ಟೆ?

ಶೀನಿ: (ಎದ್ದು) ಮಾವ, ಇಲ್ಲೇ ಬಿಟ್ಟಿದ್ದ ನನ್ನ ಚಪ್ಪಲಿ…

ಮಾವ: ಚಪ್ಪಲಿಯೇಕಪ್ಪಾ? ಕುದುರೆಯಿದೆಯಲ್ಲ!