ಊಟದ ಮೇಜಿನ ಕ್ಯಾಪ್ಟನ್

ದುಬೈನ ಜುಮೇರಾ ಲೇಕ್ ಟವರ್ಸ್‌ನಲ್ಲಿ ಒಂದು ಫ್ಲ್ಯಾಟು. ಕಿಟಕಿಯಾಚೆ ಅಲ್ಮಾಸ್ ಟವರ್. ಒಳಗೆ, ಊಟದ ಮೇಜಿನ ಅಂಚಿಗೆ ಕ್ಲ್ಯಾಂಪ್ ಹಾಕಿ ಬಿಗಿದ ಜಾಯ್‌ಸ್ಟಿಕ್. ಯಜಮಾನರು ಮಂಗಳೂರು ಕಡೆಯವರು; ಹಗಲು ಅಕೌಂಟ್ಸ್, ರಾತ್ರಿ ಕಂಪ್ಯೂಟರ್ ಸಿಮ್ಯುಲೇಟರಿನಲ್ಲಿ ಏರ್‌ಬಸ್ ಎ320. ಅವರು ಸ್ನಾನಕ್ಕೆ ಹೋದ ಹೊತ್ತು ನೋಡಿ ಜಾಯ್‌ಸ್ಟಿಕ್ಕನ್ನು ಮಾತಿಗೆಳೆದೆವು.

ಹೇಗಿದ್ದೀರಿ?

ಅಂಟಂಟು ಮಾರಾಯ್ರೆ. ನಿನ್ನೆ ಉಪ್ಪಿನಕಾಯಿ ಕೈಯಲ್ಲೇ ವಿಮಾನ ಇಳಿಸಿದರು. ಟ್ರಿಗರ್ ಸಂದಿಯಲ್ಲಿ ಇನ್ನೂ ಸಾಸಿವೆ ವಾಸನೆ ಉಂಟು.

ನಿಮ್ಮದು ಯಾವ ಮನೆತನ?

ಮೂಲ ಪುರುಷ ಅಮೆರಿಕದ ಎಡ್ವಿನ್ ಲಿಂಕ್. 1929ರಲ್ಲಿ ಅಪ್ಪನ ಪಿಯಾನೋ-ಆರ್ಗನ್ ಕಾರ್ಖಾನೆಯ ತಿದಿ, ಪಂಪುಗಳನ್ನೇ ಜೋಡಿಸಿ ಓಲಾಡುವ ವಿಮಾನದ ಪೆಟ್ಟಿಗೆ ಕಟ್ಟಿದ. ಮೊದಮೊದಲು ಅದು ಜಾತ್ರೆಯ ತೊಟ್ಟಿಲಿನ ಹಾಗೆ, ಕಾಸು ಕೊಟ್ಟು ಕೂರುವ ಆಟ. 1934ರಲ್ಲಿ ಅಮೆರಿಕದ ಸೇನೆ ಅಂಚೆ ಸಾಗಿಸಲು ಹೋಗಿ, ಕೆಟ್ಟ ಹವೆಯಲ್ಲಿ ಪೈಲಟ್‌ಗಳನ್ನು ಕಳೆದುಕೊಂಡಿತು. ಆಮೇಲೆ ಬಂದು ಆರು ಪೆಟ್ಟಿಗೆ ಕೊಂಡಿತು. ನಮಗೆ ಮರ್ಯಾದೆ ಬಂದದ್ದು ಹಾಗೆ.

ಇಳಿಸುವುದು ಅಷ್ಟು ಕಷ್ಟವೇ?

ಲೆಕ್ಕ ಸುಲಭ. ಮೂರು ಡಿಗ್ರಿ ಇಳಿಜಾರು, ನಾಟಿಕಲ್ ಮೈಲಿಗೆ ಸುಮಾರು 300 ಅಡಿ. ರನ್‌ವೇ ಪಕ್ಕ ನಾಲ್ಕು ದೀಪ ಉಂಟು. ಎರಡು ಬಿಳಿ, ಎರಡು ಕೆಂಪು ಕಂಡರೆ ಸರಿ. ನಾಲ್ಕೂ ಬಿಳಿ ಕಂಡರೆ ನೀವು ತುಂಬಾ ಮೇಲಿದ್ದೀರಿ. ಕೊನೆಯ 30 ಅಡಿಯಲ್ಲಿ ಮೂತಿ ಒಂಚೂರು ಎತ್ತಬೇಕು, ಎಂಜಿನ್ ತಗ್ಗಿಸಬೇಕು. ನಮ್ಮವರು ಆ ಹೊತ್ತಿಗೆ ನನ್ನ ಕತ್ತು ಹಿಡಿದು ಜಗ್ಗುತ್ತಾರೆ. ವಿಮಾನ ತೇಲಿಕೊಂಡೇ ಹೋಗುತ್ತದೆ. ಗಾಬರಿಯಲ್ಲಿ ಬ್ರೇಕ್ ಪೆಡಲ್ ಒದ್ದರೆ ಚಕ್ರದ ಕುರ್ಚಿ ಸಮೇತ ಹಿಂದೆ ಜಾರಿ ಫ್ರಿಜ್ಜಿಗೆ ತಾಗುತ್ತಾರೆ. ವಿಮಾನ ಮುಂದೆ, ಪೈಲಟ್ ಹಿಂದೆ!

ಯಾವ ರೂಟು?

ದುಬೈ-ಮಂಗಳೂರು, ಮತ್ತೆಂಥದ್ದು? ದುಬೈಯಲ್ಲಿ ರನ್‌ವೇ ನಾಲ್ಕು ಸಾವಿರ ಮೀಟರಿಗೂ ಮಿಕ್ಕಿ ಉಂಟು, ತೇಲಿದರೂ ನಡೆದೀತು. ಮಂಗಳೂರಿನ ಬಜ್ಪೆ ನಿಲ್ದಾಣದಲ್ಲಿ ಗುಡ್ಡದ ತಲೆ ಬೋಳಿಸಿ ಹಾಸಿದ್ದು 2,450 ಮೀಟರ್. ಆಚೆಗೆ ಕಣಿವೆ.

2010ರ ಮೇ 22...

ಅದರ ಬಗ್ಗೆ ತಮಾಷೆ ಬೇಡ. ಇದೇ ದುಬೈಯಿಂದ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ಆ ಕಣಿವೆಗೇ ಬಿತ್ತು. 158 ಮಂದಿ ತೀರಿಕೊಂಡರು, ಎಂಟು ಮಂದಿ ಉಳಿದರು. ಸಹ-ಪೈಲಟ್ ಮೂರು ಸಲ ‘ಗೋ ಅರೌಂಡ್’ ಅಂದಿದ್ದರು, ಇಳಿಯುವುದು ಬೇಡ, ಮೇಲೇರುವ ಅಂತ. ತನಿಖಾ ವರದಿಯಲ್ಲಿ ಉಂಟು. ಕ್ಯಾಪ್ಟನ್ ಕೇಳಲಿಲ್ಲ. ಚಕ್ರ ನೆಲ ಮುಟ್ಟುವಾಗ ಅರ್ಧಕ್ಕಿಂತ ಹೆಚ್ಚು ರನ್‌ವೇ ಮುಗಿದಿತ್ತು.

ಯಜಮಾನರಿಗೆ ಇದು ಗೊತ್ತಿಲ್ಲವೇ?

ಬಾಯಿಪಾಠ! ಬಂದವರಿಗೆಲ್ಲ ಹೇಳುತ್ತಾರೆ. ಹೇಳಿ ಮುಗಿಸಿ, ನಾಲ್ಕೂ ಬಿಳಿ ಕಾಣುತ್ತಿದ್ದರೂ ಇಳಿಸುತ್ತಾರೆ. ಪರದೆ ಕಪ್ಪಾದರೆ ಹತ್ತು ಮೈಲಿ ಹಿಂದೆ ಸೇವ್ ಮಾಡಿಟ್ಟದ್ದು ಉಂಟಲ್ಲ. ಸರಿಯಾಗಿ ಇಳಿದದ್ದು ಮಾತ್ರ ಫ್ಯಾಮಿಲಿ ವಾಟ್ಸಾಪ್‌ಗೆ ಹೋಗುತ್ತದೆ. ಎಂಜಿನ್ ಪೂರ್ತಿ ಏರಿಸಿ, ಚಕ್ರ ಮಡಚಿ, ಸುಮ್ಮನೆ ವಾಪಸ್ ಮೇಲೇರಿದ ವಿಡಿಯೋ ಹಾಕಿದರೆ ಯಾವ ಚಿಕ್ಕಪ್ಪ ‘ಸೂಪರ್’ ಅಂತಾರೆ, ನೀವೇ ಹೇಳಿ.

ಕಾರು ಓಡಿಸುತ್ತಾರಾ?

ಮೆಲ್ಲಗೆ ಕೇಳಿ! ಲೈಸೆನ್ಸ್ ಇನ್ನೂ ಆಗಿಲ್ಲ, ಪ್ಯಾರಲಲ್ ಪಾರ್ಕಿಂಗ್‌ನಲ್ಲಿ ಫೇಲು. ಅಲ್ಲಿ ಪಾಜ್ ಬಟನ್ ಒತ್ತಿ ಚಾ ಕುಡಿಯಲಿಕ್ಕಿಲ್ಲ. ಆಫೀಸಿಗೆ ಮೆಟ್ರೋ. ಡ್ರೈವರೇ ಇಲ್ಲದ ಆ ರೈಲು ಪ್ಲಾಟ್‌ಫಾರ್ಮಿನ ಗಾಜಿನ ಬಾಗಿಲಿಗೆ ಸರಿಯಾಗಿ ನಿಲ್ಲುವುದು ನೋಡಿ ಅವರಿಗೆ ಹೊಟ್ಟೆಯುರಿ.

ನಿಮಗೆ ಸಹ-ಪೈಲಟ್ ಇದ್ದಾರೆಯೇ?

ಮಗಳು, ಎಂಟನೇ ಕ್ಲಾಸು. ಹೋಮ್‌ವರ್ಕ್ ಮಾಡುತ್ತಲೇ ದೀಪ ನೋಡುತ್ತದೆ. “ಅಪ್ಪಾ, ನಾಲ್ಕೂ ಬಿಳಿ. ಗೋ ಅರೌಂಡ್” ಅನ್ನುತ್ತದೆ. “ಸುಮ್ನಿರು ಮಗಾ, ಈಗ ಇಳಿಸ್ತೇನೆ” ಅಂತಾರೆ ಇವರು.

ಅವಳಿಗೂ ಕೊಡುತ್ತಾರಾ, ಓಡಿಸಲು?

ಭಾನುವಾರ ಕೊಡುತ್ತಾರೆ. ಎರಡು ಬೆರಳಲ್ಲಿ ಹಿಡಿಯುತ್ತದೆ, ನನಗೆ ನೋವೇ ಇಲ್ಲ. ಎತ್ತರ ಒಂಚೂರು ಜಾಸ್ತಿಯಾದರೂ ಸಾಕು, ಎಂಜಿನ್ ಏರಿಸಿ ಮೇಲೆ ಹೋಗಿಬಿಡುತ್ತದೆ. ಕಳೆದ ವಾರ ಬಜ್ಪೆ ಮೇಲೆ ಸುತ್ತಿದ್ದೇ ಸುತ್ತಿದ್ದು, ಊಟಕ್ಕೆ ಕರೆದರೂ ಇಳಿಸಲಿಲ್ಲ. ಯಜಮಾನರು ಊರಿಗೆ ಫೋನ್ ಮಾಡಿ ಹೇಳುತ್ತಿದ್ದರು: “ಹುಡುಗಿಗೆ ಇಂಟರೆಸ್ಟ್ ಉಂಟು ಅಮ್ಮಾ, ಆದರೆ ಎಂಥ ಮಾಡುವುದು, ಧೈರ್ಯ ಸಾಲದು.”